ಮರಳಿ ಬಂದದ್ದು ಅದೇ ಸಂವಿಧಾನವೇ?

2025ರ ನವೆಂಬರ್ ತಿಂಗಳಲ್ಲಿ ಪಾಕಿಸ್ತಾನದ ಸಂಸತ್ತು ಅಲ್ಲಿನ ಸಂವಿಧಾನಕ್ಕೆ 27ನೇ ತಿದ್ದುಪಡಿಯನ್ನು ತಂದಿತು. ಐದು ನಕ್ಷತ್ರಗಳ ದರ್ಜೆಗೇರಿದ ಸೇನಾಧಿಕಾರಿಗೆ ಮೊಕದ್ದಮೆಗಳಿಂದ ಆಜೀವ ರಕ್ಷಣೆ ಸಿಕ್ಕಿತು. ಸಂವಿಧಾನಕ್ಕೆ ಸಂಬಂಧಿಸಿದ ವ್ಯಾಜ್ಯಗಳನ್ನು ಸುಪ್ರೀಂ ಕೋರ್ಟಿನ ಕೈಯಿಂದ ತೆಗೆದು ಹೊಸದಾಗಿ ಸ್ಥಾಪಿಸಿದ ಫೆಡರಲ್ ಸಾಂವಿಧಾನಿಕ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. ಬೀದಿಗೆ ಟ್ಯಾಂಕುಗಳು ಇಳಿಯಲಿಲ್ಲ. ‘ಮೇರೇ ಅಝೀಝ್ ಹಮ್‌ವತನೋ’ ಎಂದು ಆರಂಭವಾಗುವ, ಆ ದೇಶದ ಜನರಿಗೆ ಬಾಯಿಪಾಠವಾಗಿರುವ ಸೇನಾಧಿಪತಿಯ ಭಾಷಣವೂ ಕೇಳಿಸಲಿಲ್ಲ. ಎಲ್ಲವೂ ಮೂರನೇ ಎರಡರಷ್ಟು ಬಹುಮತದಿಂದ, ಸಂವಿಧಾನವೇ ಹೇಳಿಕೊಟ್ಟ ಕ್ರಮದಲ್ಲಿ ನಡೆದುಹೋಯಿತು.

ಇಂತಹ ಸುದ್ದಿ ಬಂದಾಗ ನಮ್ಮ ದೇಶದ ಪತ್ರಿಕೆಗಳಲ್ಲಿ ಒಂದು ಬಗೆಯ ಸಂತೋಷ ಕಾಣಿಸುತ್ತದೆ. ಅಲ್ಲಿ ಹಾಗೆಯೇ, ಅವರ ಹಣೆಬರಹವೇ ಅಷ್ಟು ಎಂಬ ಧಾಟಿ. ಇನ್ನು ನಮ್ಮಂತಹ ಪತ್ರಿಕೆಗಳಿಗೆ ಪಾಕಿಸ್ತಾನದ ಬಗ್ಗೆ ಬರೆದರೂ ಕಷ್ಟ, ಬರೆಯದಿದ್ದರೂ ಕಷ್ಟ. ಬರೆದರೆ ಅದರ ಮೇಲೇನು ಅಷ್ಟು ಆಸಕ್ತಿ ಎನ್ನುತ್ತಾರೆ. ಸುಮ್ಮನಿದ್ದರೆ ಮೌನಕ್ಕೆ ಕಾರಣ ಕೇಳುತ್ತಾರೆ. ಇರಲಿ. ನಮಗೆ ಇಲ್ಲಿ ಬೇಕಾಗಿರುವುದು ಆ ದೇಶದ ಹಣೆಬರಹವಲ್ಲ, ಅಲ್ಲಿನ ನ್ಯಾಯಾಧೀಶರ ಬರಹ. ಒಮ್ಮೆ ಮುರಿದುಬಿದ್ದ ಸಾಂವಿಧಾನಿಕ ಆಡಳಿತವನ್ನು ಮತ್ತೆ ಎಬ್ಬಿಸಿ ನಿಲ್ಲಿಸಲು ಸಾಧ್ಯವೇ, ನಿಲ್ಲಿಸಿದರೂ ಅದು ಉಳಿದೀತೇ ಎಂಬ ಸಂದೇಹಕ್ಕೆ ಉಪಖಂಡದಲ್ಲಿ ಅತಿ ಹೆಚ್ಚು ಪುಟಗಳನ್ನು ಬರೆದವರು ಅವರು. ಕನ್ನಡದಲ್ಲಿ ತೀರ್ಪುಗಳನ್ನು ಸಾಹಿತ್ಯದಂತೆ ಓದುವ ರೂಢಿಯಿಲ್ಲ. ವಕೀಲರು ಅವುಗಳಿಂದ ತಮಗೆ ಬೇಕಾದ ಸಾಲನ್ನು ಕಿತ್ತುಕೊಳ್ಳುತ್ತಾರೆ, ಪತ್ರಕರ್ತರು ಕೊನೆಯ ಪುಟ ನೋಡುತ್ತಾರೆ. ಆದರೆ ತೀರ್ಪಿಗೂ ಒಬ್ಬ ಲೇಖಕನಿರುತ್ತಾನೆ. ಅವನಿಗೂ ಶೈಲಿಯಿದೆ, ಭಯವಿದೆ, ಹೇಳದೆ ಬಿಟ್ಟ ಮಾತುಗಳಿವೆ.

ಮೊದಲ ಕಥೆ ಕರಾಚಿಯದು. 1954ರ ಹೊತ್ತಿಗೆ ಪಾಕಿಸ್ತಾನದ ಸಂವಿಧಾನ ಸಭೆ ಏಳು ವರ್ಷಗಳ ಎಳೆದಾಟದ ಬಳಿಕ ಕರಡನ್ನು ಹೆಚ್ಚುಕಡಿಮೆ ಮುಗಿಸಿತ್ತು. ಸೆಪ್ಟೆಂಬರ್‌ನಲ್ಲಿ ಅದು ಮಂತ್ರಿಮಂಡಲವನ್ನು ವಜಾ ಮಾಡುವ ಗವರ್ನರ್ ಜನರಲ್‌ರ ಅಧಿಕಾರವನ್ನು ಮೊಟಕುಗೊಳಿಸಿತು. ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಮ್ ಮುಹಮ್ಮದ್ ಆ ಸಭೆಯನ್ನೇ ವಿಸರ್ಜಿಸಿಬಿಟ್ಟರು. ಸಭೆಯ ಅಧ್ಯಕ್ಷರಾಗಿದ್ದ ತಮೀಝುದ್ದೀನ್ ಖಾನ್ ಎಂಬ ಬಂಗಾಳಿ ಮುತ್ಸದ್ದಿ ಸಿಂಧ್‌ನ ಮುಖ್ಯ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಪೊಲೀಸರ ಕಣ್ಣು ತಪ್ಪಿಸಲು ಅವರು ಬುರ್ಖಾ ತೊಟ್ಟು ರಿಕ್ಷಾದಲ್ಲಿ ನ್ಯಾಯಾಲಯಕ್ಕೆ ಹೋದರೆಂಬ ಕಥೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ನಿಜವೋ ಅಲ್ಲವೋ, ಸ್ಪೀಕರ್ ಸ್ಥಾನದಲ್ಲಿದ್ದವರೇ ಮುಖ ಮುಚ್ಚಿಕೊಂಡು ನ್ಯಾಯ ಕೇಳಲು ಹೋಗಬೇಕಾಯಿತೆಂದು ಒಂದು ದೇಶದ ಜನ ನಂಬುತ್ತಾರಲ್ಲ, ಅದು ಗಮನಿಸಬೇಕಾದ ಸಂಗತಿ.

1955ರ ಫೆಬ್ರವರಿಯಲ್ಲಿ ಸಿಂಧ್ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಸರಕಾರ ಫೆಡರಲ್ ಕೋರ್ಟಿಗೆ ಮೇಲ್ಮನವಿ ಹೋಯಿತು. ಅಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದವರು ಮುಹಮ್ಮದ್ ಮುನೀರ್. ಮಾರ್ಚ್ 21ರಂದು ನಾಲ್ವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತು ತೀರ್ಪು ಹೊರಬಂತು. ಸಭೆಯನ್ನು ವಿಸರ್ಜಿಸಿದ್ದು ಸರಿಯೇ ತಪ್ಪೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ! ರಿಟ್ ಹೊರಡಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟ ಕಾನೂನಿಗೆ ಗವರ್ನರ್ ಜನರಲ್‌ರ ಅಂಕಿತ ಬಿದ್ದಿರಲಿಲ್ಲ, ಆದ್ದರಿಂದ ಅದು ಕಾನೂನೇ ಅಲ್ಲ, ಆದ್ದರಿಂದ ಸಿಂಧ್ ನ್ಯಾಯಾಲಯಕ್ಕೆ ಅರ್ಜಿಯನ್ನು ಕೇಳುವ ಅಧಿಕಾರವೇ ಇರಲಿಲ್ಲ ಎಂಬಲ್ಲಿಗೆ ಮುಗಿಯುತ್ತದೆ. ಮನೆಗೆ ಕಳ್ಳ ನುಗ್ಗಿದ್ದಾನೆ ಎಂದು ದೂರು ಕೊಟ್ಟವನಿಗೆ, ನಿನ್ನ ಅರ್ಜಿಗೆ ಅಂಟಿಸಿದ ಸ್ಟಾಂಪು ಸರಿಯಿಲ್ಲ ಎಂದ ಹಾಗೆ.

ಭಿನ್ನಮತ ಬರೆದವರು ಎ.ಆರ್. ಕಾರ್ನೀಲಿಯಸ್ ಎಂಬ ಕ್ರೈಸ್ತ ನ್ಯಾಯಾಧೀಶರು. ಸಂವಿಧಾನ ಸಭೆ ಗವರ್ನರ್ ಜನರಲ್‌ಗಿಂತ ಮೇಲಿನದು. ಏಳು ವರ್ಷಗಳ ಕಾಲ ಸಭೆಯೂ ಸರಕಾರವೂ ನ್ಯಾಯಾಲಯಗಳೂ ಈ ಅಂಕಿತವಿಲ್ಲದೆಯೇ ಸಂವಿಧಾನಾತ್ಮಕ ಕಾನೂನುಗಳನ್ನು ಒಪ್ಪಿ ನಡೆದಿವೆ. ಈಗ ಇದ್ದಕ್ಕಿದ್ದಂತೆ ಅಂಕಿತದ ನೆನಪಾಗುವುದೇಕೆ ಎಂಬುದು ಅವರ ವಾದದ ಸಾರ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮುನೀರರ ಪಾಂಡಿತ್ಯ ಎದ್ದು ಕಾಣುತ್ತದೆ. ಬ್ರಿಟಿಷ್ ಸಾಮ್ರಾಜ್ಯದ ವಸಾಹತುಗಳ ಇತಿಹಾಸವೆಲ್ಲ ಅಲ್ಲಿ ಮೆರವಣಿಗೆ ಹೊರಟಿದೆ. ಕಣ್ಣೆದುರಿನ ವಿಷಯದಿಂದ ದೂರ ಓಡಬೇಕಾದವನಿಗೆ ಪಾಂಡಿತ್ಯದಷ್ಟು ಒಳ್ಳೆಯ ಕುದುರೆ ಬೇರಿಲ್ಲ.

ಈ ಮುನೀರರ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಬೇರೊಂದು ಸಂದರ್ಭದಲ್ಲಿ ಪರಿಚಿತ. 1953ರ ಪಂಜಾಬ್ ಗಲಭೆಗಳ ವಿಚಾರಣಾ ವರದಿಯಲ್ಲಿ ಅವರು ಉಲಮಾಗಳನ್ನು ಕರೆದು ಮುಸ್ಲಿಮ್ ಎಂದರೆ ಯಾರು, ವ್ಯಾಖ್ಯಾನ ಕೊಡಿ ಎಂದು ಕೇಳಿದ್ದರು. ಒಬ್ಬರ ಉತ್ತರ ಇನ್ನೊಬ್ಬರದರ ಜೊತೆ ಕೂಡಿಬರಲಿಲ್ಲ. ವಿಚಾರವಾದಿಗಳು ಆ ವರದಿಯನ್ನು ಇಂದಿಗೂ ಮೆಚ್ಚಿ ಉದ್ಧರಿಸುತ್ತಾರೆ, ಮೆಚ್ಚುವಂಥದ್ದೇ. ಆದರೆ ಧರ್ಮಗುರುಗಳಿಂದ ಅಷ್ಟು ಕಟ್ಟುನಿಟ್ಟಾಗಿ ವ್ಯಾಖ್ಯಾನ ಕೇಳಿದ ಇದೇ ನ್ಯಾಯಾಧೀಶರು, ಮರುವರ್ಷವೇ ಗವರ್ನರ್ ಜನರಲ್‌ರಿಂದ ‘ಅನಿವಾರ್ಯತೆ’ ಎಂಬ ಪದವನ್ನು ಯಾವ ವ್ಯಾಖ್ಯಾನವನ್ನೂ ಕೇಳದೆ ಸ್ವೀಕರಿಸಿದರು. ಮಾರ್ಚ್ ತೀರ್ಪಿನಿಂದ ಹಲವು ಕಾನೂನುಗಳು ಒಮ್ಮೆಲೇ ಅಸಿಂಧುವಾಗಿ ಸರಕಾರವೇ ಗಾಳಿಯಲ್ಲಿ ತೇಲತೊಡಗಿದಾಗ, ಮೇ ತಿಂಗಳಲ್ಲಿ ಕೋರ್ಟು ನೀಡಿದ ಅಭಿಪ್ರಾಯದಲ್ಲಿ 13ನೇ ಶತಮಾನದ ಇಂಗ್ಲಿಷ್ ನ್ಯಾಯಪಂಡಿತ ಬ್ರ್ಯಾಕ್ಟನ್‌ನನ್ನು ಎಬ್ಬಿಸಿ ತರಲಾಯಿತು. ಕಾನೂನಿಗೆ ವಿರುದ್ಧವಾದದ್ದನ್ನು ಅನಿವಾರ್ಯತೆ ಕಾನೂನುಬದ್ಧಗೊಳಿಸುತ್ತದೆ ಎಂಬುದು ಅಲ್ಲಿಂದ ತಂದ ಸೂತ್ರ. ಉರ್ದು ಪತ್ರಿಕೆಗಳಲ್ಲಿ ಇದಕ್ಕೆ ‘ನಝರಿಯಾ-ಎ-ಝರೂರತ್’ ಎಂದು ಹೆಸರು.

ಝರೂರತ್ ಎಂಬ ಪದ ಕೇಳಿದ ಕೂಡಲೇ ಫಿಕ್ಹ್‌ನ ಪರಿಚಯವಿರುವವರಿಗೆ ಒಂದು ನಿಯಮ ನೆನಪಾಗಬೇಕು. ಅನಿವಾರ್ಯತೆ ನಿಷಿದ್ಧವನ್ನು ಅನುಮತಿಸುತ್ತದೆ. ಹಸಿವಿನಿಂದ ಪ್ರಾಣ ಹೋಗುವ ಸ್ಥಿತಿಯಲ್ಲಿರುವವನು ಸತ್ತ ಪ್ರಾಣಿಯ ಮಾಂಸವನ್ನೂ ತಿನ್ನಬಹುದು. ಆದರೆ ಈ ನಿಯಮದ ಬೆನ್ನಿಗೇ ಇನ್ನೊಂದು ನಿಯಮವಿದೆ. ಅನಿವಾರ್ಯತೆಯನ್ನು ಅದರ ಅಳತೆಯಿಂದಲೇ ಅಳೆಯಬೇಕು. ಪ್ರಾಣ ಉಳಿಯುವಷ್ಟು ತಿನ್ನಬಹುದೇ ಹೊರತು ಹೊಟ್ಟೆ ತುಂಬ ತಿಂದು, ಮಿಕ್ಕಿದ್ದನ್ನು ನಾಳೆಗೆಂದು ಕಟ್ಟಿಕೊಂಡು ಹೋಗುವಂತಿಲ್ಲ. 1955ರಿಂದ 2000ದವರೆಗಿನ ತೀರ್ಪುಗಳಲ್ಲಿ ಮೊದಲ ನಿಯಮ ಸದ್ದು ಮಾಡುತ್ತದೆ. ಎರಡನೆಯದು ಬಾಯಿಮಾತಿಗೆ ಬಂದುಹೋಗುತ್ತದೆ, ಅಳೆಯುವ ಕೈ ಮಾತ್ರ ಎಲ್ಲೂ ಕಾಣುವುದಿಲ್ಲ.

1956ರ ಮಾರ್ಚ್ 23ರಂದು ಅಂತೂ ಒಂದು ಸಂವಿಧಾನ ಜಾರಿಗೆ ಬಂತು. ಎರಡೂವರೆ ವರ್ಷ ಬದುಕಿತು. 1958ರ ಅಕ್ಟೋಬರ್ 7ರಂದು ಅಧ್ಯಕ್ಷ ಇಸ್ಕಂದರ್ ಮಿರ್ಝಾ ಅದನ್ನು ರದ್ದುಪಡಿಸಿ ಸೇನಾಡಳಿತ ಘೋಷಿಸಿದರು. ಬಲೂಚಿಸ್ತಾನದ ದೋಸ್ಸೋ ಎಂಬಾತ ಕೊಲೆ ಪ್ರಕರಣವೊಂದರಲ್ಲಿ ಬುಡಕಟ್ಟಿನ ಹಿರಿಯರ ಜಿರ್ಗಾ ಕೊಟ್ಟ ಶಿಕ್ಷೆಯನ್ನು ಪ್ರಶ್ನಿಸಿದ್ದ. ಆತನ ಮೊಕದ್ದಮೆಯ ನೆಪದಲ್ಲಿ ಅಕ್ಟೋಬರ್ 27ರಂದು ಮುನೀರರ ಕೋರ್ಟು, ಯಶಸ್ವಿಯಾದ ಕ್ರಾಂತಿ ತಾನೇ ಕಾನೂನಿನ ಮೂಲವಾಗುತ್ತದೆ ಎಂದಿತು. ಆಧಾರ, ಹಾನ್ಸ್ ಕೆಲ್ಸನ್ ಎಂಬ ಯುರೋಪಿನ ಚಿಂತಕ. ಒಂದು ದೇಶದ ಕಾನೂನಿನ ಬುಡವೇ ಬದಲಾದದ್ದನ್ನು ಹೇಗೆ ಗುರುತಿಸಬೇಕೆಂದು ಕೆಲ್ಸನ್ ವಿವರಿಸಿದ್ದನೇ ವಿನಾ, ಬುಡ ಕಡಿದವನಿಗೆ ಸಲಾಮು ಹೊಡೆಯಿರಿ ಎಂದು ನ್ಯಾಯಾಧೀಶರಿಗೆ ಹೇಳಿಕೊಟ್ಟಿರಲಿಲ್ಲ. ವಿಚಿತ್ರವೆಂದರೆ, ಹಗಲು ಕೋರ್ಟು ಮಿರ್ಝಾರ ಕ್ರಾಂತಿ ಯಶಸ್ವಿಯಾಗಿದೆ ಎಂದು ಸಾರಿತು. ಅದೇ ರಾತ್ರಿ ಅಯ್ಯೂಬ್ ಖಾನ್ ಮಿರ್ಝಾರನ್ನು ಕುರ್ಚಿಯಿಂದ ಇಳಿಸಿದರು. ಮಿರ್ಝಾ ಲಂಡನ್‌ನಲ್ಲಿ ದೇಶಭ್ರಷ್ಟರಾಗಿ ಕೊನೆಯುಸಿರೆಳೆದರು. ಮುನೀರರು 1962ರಲ್ಲಿ ಅಯ್ಯೂಬರ ಕಾನೂನು ಮಂತ್ರಿಯಾದರು.

ದೋಸ್ಸೋ ತೀರ್ಪನ್ನು ಕಿತ್ತೆಸೆದದ್ದು 1972ರ ಏಪ್ರಿಲ್‌ನಲ್ಲಿ. ತನ್ನ ತಂದೆಯ ಬಂಧನವನ್ನು ಪ್ರಶ್ನಿಸಿ ಅಸ್ಮಾ ಜೀಲಾನಿ ಎಂಬ ತರುಣಿ ಹಾಕಿದ ಅರ್ಜಿ ಅದು. ಮುಂದೆ ಅಸ್ಮಾ ಜಹಾಂಗೀರ್ ಎಂದು ಲೋಕಕ್ಕೆಲ್ಲ ಪರಿಚಿತರಾದವರು ಅವರೇ. ಮುಖ್ಯ ನ್ಯಾಯಾಧೀಶ ಹಮೂದುರ್ರಹ್ಮಾನ್, ಯಾಹ್ಯಾ ಖಾನ್‌ರನ್ನು ಅಧಿಕಾರ ಕಬಳಿಸಿದವರೆಂದು ಕರೆದರು. ಚೆನ್ನಾಗಿದೆ, ಓದಿದರೆ ಮೈ ಬೆಚ್ಚಗಾಗುತ್ತದೆ. ಆದರೆ ಯಾಹ್ಯಾ ಆಗಲೇ ಅಧಿಕಾರ ಕಳಕೊಂಡು ನಾಲ್ಕು ತಿಂಗಳಾಗಿತ್ತು, ದೇಶ ಎರಡು ಹೋಳಾಗಿತ್ತು. ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರಂತೆ ಎಂಬ ಗಾದೆ ಇದಕ್ಕೆ ಒಪ್ಪುತ್ತದೆ. ಆದರೂ ಆ ತೀರ್ಪಿನಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಗಾದೆಯಲ್ಲಿ ಮುಗಿಸಿಬಿಡಬಾರದು. ಕಬಳಿಸಿದವನ ಕಾಲದಲ್ಲಿ ನಡೆದ ದೈನಂದಿನ ಆಡಳಿತವನ್ನೆಲ್ಲ ಅಳಿಸಿಹಾಕಿದರೆ ಜನಜೀವನ ಅಸ್ತವ್ಯಸ್ತವಾದೀತು. ಆದ್ದರಿಂದ ಅಂತಹ ಕೆಲವು ಕೃತ್ಯಗಳನ್ನು ‘ಮನ್ನಿಸಬಹುದು’, ಆದರೆ ‘ಸಿಂಧುಗೊಳಿಸಲಾಗದು’ ಎಂದರು ಹಮೂದುರ್ರಹ್ಮಾನ್. ತಪ್ಪು ತಪ್ಪಾಗಿಯೇ ಉಳಿಯುತ್ತದೆ, ಅದರ ಫಲವನ್ನು ಮಾತ್ರ ಸಹಿಸಲಾಗುತ್ತದೆ. ಈ ಎರಡು ಕ್ರಿಯಾಪದಗಳ ನಡುವಿನ ಅಂತರದಲ್ಲೇ ನಮ್ಮ ಪ್ರಶ್ನೆಯ ಜೀವವಿದೆ. ಏಕೆಂದರೆ ಮುಂದಿನ ನಾಲ್ಕು ದಶಕಗಳಲ್ಲಿ ಸಂವಿಧಾನ ಮರಳಿ ಬಂದಾಗಲೆಲ್ಲ ‘ಸಿಂಧುಗೊಳಿಸಲಾಗಿದೆ’ ಎಂಬ ಹೊಲಿಗೆ ಹಾಕಿಸಿಕೊಂಡೇ ಬಂದಿತು.

1973ರ ಸಂವಿಧಾನದಲ್ಲಿ 6ನೇ ವಿಧಿ ಇತ್ತು. ಸಂವಿಧಾನವನ್ನು ಬಲಪ್ರಯೋಗದಿಂದ ಕಿತ್ತುಹಾಕುವುದು ಘೋರ ದೇಶದ್ರೋಹ ಎಂದು ಅದು ಹೇಳುತ್ತಿತ್ತು. 1977ರ ಜುಲೈ 5ರಂದು ಝಿಯಾವುಲ್ ಹಕ್ ಅಧಿಕಾರ ಹಿಡಿದರು. ಅವರು ಸಂವಿಧಾನವನ್ನು ರದ್ದುಪಡಿಸಿದೆ ಎನ್ನಲೇ ಇಲ್ಲ, ಅಮಾನತಿನಲ್ಲಿಟ್ಟಿದ್ದೇನೆ ಎಂದರು. ತೊಂಬತ್ತು ದಿನಗಳಲ್ಲಿ ಚುನಾವಣೆ ಎಂದೂ ಸೇರಿಸಿದರು. ನುಸ್ರತ್ ಭುಟ್ಟೋ ಅವರ ಅರ್ಜಿಯ ಮೇಲೆ ನವೆಂಬರ್‌ನಲ್ಲಿ ಅನ್ವಾರುಲ್ ಹಕ್‌ರ ಪೀಠ ಒಮ್ಮತದಿಂದ ಅನಿವಾರ್ಯತೆಗೆ ಮತ್ತೆ ಮಣೆ ಹಾಕಿತು, ಸಂವಿಧಾನವನ್ನು ತಿದ್ದುವ ಅಧಿಕಾರವನ್ನೂ ಸೇನಾಧಿಪತಿಗೆ ಕೊಟ್ಟಿತು. 1981ರಲ್ಲಿ ಝಿಯಾ ತಾತ್ಕಾಲಿಕ ಸಂವಿಧಾನ ಆದೇಶ ಹೊರಡಿಸಿ, ನ್ಯಾಯಾಧೀಶರೆಲ್ಲ ಅದರಡಿ ಹೊಸದಾಗಿ ಪ್ರಮಾಣ ಮಾಡಬೇಕೆಂದರು. ದೊರಾಬ್ ಪಟೇಲ್, ಫಖ್ರುದ್ದೀನ್ ಇಬ್ರಾಹೀಮ್ ಮುಂತಾದವರು ನಿರಾಕರಿಸಿ ಮನೆಗೆ ಹೋದರು. ನಿರಾಕರಿಸಿದವರಲ್ಲಿ ಅನ್ವಾರುಲ್ ಹಕ್ ಕೂಡ ಒಬ್ಬರು. ತಾನೇ ಬಾಗಿಲು ತೆರೆದು ಒಳಕರೆದವನು ನಾಲ್ಕು ವರ್ಷಗಳ ಬಳಿಕ ತನ್ನನ್ನೇ ಹೊರಗೆ ಕಳುಹಿಸಿದಾಗ ಅವರಿಗೆ ಏನನಿಸಿತೋ. ತೊಂಬತ್ತು ದಿನ ಹನ್ನೊಂದು ವರ್ಷವಾಯಿತು. 1985ರಲ್ಲಿ ಸಂವಿಧಾನ ‘ಮರಳಿದಾಗ’ ಅದರೊಳಗೆ 270-ಎ ಎಂಬ ಹೊಸ ವಿಧಿಯಿತ್ತು. 1977ರ ಜುಲೈ 5ರಿಂದ ನಡೆದದ್ದೆಲ್ಲವೂ ಸಿಂಧು, ಯಾವ ನ್ಯಾಯಾಲಯವೂ ಅದನ್ನು ಪ್ರಶ್ನಿಸುವಂತಿಲ್ಲ. ಚುನಾಯಿತ ಸಭೆಯನ್ನು ವಿಸರ್ಜಿಸುವ ಹೊಸ ಅಧಿಕಾರವೂ ಅಧ್ಯಕ್ಷರಿಗೆ ಇತ್ತು. ಅದರ ಬಲದಿಂದ 1988, 1990, 1993, 1996ರಲ್ಲಿ ನಾಲ್ಕು ಸರಕಾರಗಳನ್ನು ಮನೆಗೆ ಕಳುಹಿಸಲಾಯಿತು. ಒಮ್ಮೆಯೂ ಟ್ಯಾಂಕು ಬೇಕಾಗಲಿಲ್ಲ.

ಮುಶರ್ರಫ್‌ರ ಕಾಲವನ್ನು ವಿವರಿಸಿ ಓದುಗರನ್ನು ದಣಿಸುವುದಿಲ್ಲ. 1999ರ ಅಕ್ಟೋಬರ್ 12, ಮತ್ತೆ ತಾತ್ಕಾಲಿಕ ಆದೇಶ, ಮತ್ತೆ ಪ್ರಮಾಣ, ಮತ್ತೆ ನಿರಾಕರಿಸಿದ ಕೆಲವರು, 2000ದ ಮೇ 12ರಂದು ಮತ್ತೆ ಅನಿವಾರ್ಯತೆ. ಈ ಸಲ ಮೂರು ವರ್ಷಗಳ ಗಡುವು. 2003ರಲ್ಲಿ ಮತ್ತೆ ಸಿಂಧುಗೊಳಿಸುವ ತಿದ್ದುಪಡಿ. ಹೊಸತು ನಡೆದದ್ದು 2007ರಲ್ಲಿ. ನವೆಂಬರ್ 3ರ ತುರ್ತು ಪರಿಸ್ಥಿತಿಯ ದಿನ ಸುಮಾರು 60 ನ್ಯಾಯಾಧೀಶರು ಹೊಸ ಪ್ರಮಾಣಕ್ಕೆ ಒಪ್ಪಲಿಲ್ಲ. ಕಪ್ಪು ಕೋಟಿನ ವಕೀಲರು ತಿಂಗಳುಗಟ್ಟಲೆ ಬೀದಿಯಲ್ಲಿ ಲಾಠಿ ತಿಂದರು. 2009ರ ಮಾರ್ಚ್‌ನಲ್ಲಿ ಇಫ್ತಿಕಾರ್ ಚೌಧರಿ ಮತ್ತೆ ಮುಖ್ಯ ನ್ಯಾಯಾಧೀಶರಾದರು, ಜುಲೈ 31ರಂದು ಆ ತುರ್ತು ಪರಿಸ್ಥಿತಿಯೇ ಸಂವಿಧಾನಬಾಹಿರ ಎಂಬ ತೀರ್ಪು ಬಂತು. 2010ರ 18ನೇ ತಿದ್ದುಪಡಿ ಝಿಯಾರ ಜಾಣತನಕ್ಕೂ ಉತ್ತರ ಕೊಟ್ಟಿತು. ಸಂವಿಧಾನವನ್ನು ಅಮಾನತಿನಲ್ಲಿಡುವುದೂ ದೇಶದ್ರೋಹ, ಅಂತಹ ಕೃತ್ಯವನ್ನು ಯಾವ ನ್ಯಾಯಾಲಯವೂ ಸಿಂಧುಗೊಳಿಸುವಂತಿಲ್ಲ ಎಂದು ಬರೆಯಲಾಯಿತು. ತಾನೇ ಕೊಡುತ್ತಾ ಬಂದ ಔಷಧಿಯನ್ನು ಇನ್ನು ಕೊಡಬಾರದೆಂದು ವೈದ್ಯನ ಕೈ ಕಟ್ಟಿದ ಹಾಗೆ. ಆಗ ನಮ್ಮಲ್ಲಿ ಹಲವರಿಗೆ ಇದು ನಿಜವಾದ ಮರಳುವಿಕೆ ಎನಿಸಿತ್ತು. ಇಫ್ತಿಕಾರ್ ಚೌಧರಿ 2000ದ ಪೀಠದಲ್ಲೂ ಕುಳಿತಿದ್ದವರು ಎಂಬುದನ್ನು ಆ ಸಡಗರದಲ್ಲಿ ಹೆಚ್ಚಿನವರು ಎತ್ತಲಿಲ್ಲ. ವಿಶೇಷ ನ್ಯಾಯಾಲಯ 2019ರ ಡಿಸೆಂಬರ್‌ನಲ್ಲಿ ಮುಶರ್ರಫ್‌ಗೆ ಮರಣದಂಡನೆ ವಿಧಿಸಿತು. ಮರುತಿಂಗಳು ಲಾಹೋರ್ ಹೈಕೋರ್ಟು ಆ ನ್ಯಾಯಾಲಯವೇ ಅಸಿಂಧು ಎಂದಿತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪರಾಧಿ 2023ರ ಫೆಬ್ರವರಿಯಲ್ಲೇ ತೀರಿಕೊಂಡಿದ್ದರು.

ಇಷ್ಟನ್ನು ಓದಿ ಯಾರಾದರೂ, ನಮ್ಮಲ್ಲಿ ಹೀಗಿಲ್ಲವಪ್ಪ ಎಂದು ನಿಟ್ಟುಸಿರು ಬಿಡುವುದಾದರೆ ಅವರು 1976ರ ಏಪ್ರಿಲ್ 28ರ ತೀರ್ಪನ್ನು ಒಮ್ಮೆ ತೆರೆಯಬೇಕು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ಹಕ್ಕಿದೆಯೇ ಎಂಬುದು ಅಲ್ಲಿದ್ದ ಪ್ರಶ್ನೆ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅರ್ಜಿಯನ್ನು ಕೇಳಬಹುದು ಎಂದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಹಾಗೆಂದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಸದಾನಂದ ಸ್ವಾಮಿಯವರನ್ನು ಒಬ್ಬರನ್ನು ಅಲಹಾಬಾದಿಗೆ, ಇನ್ನೊಬ್ಬರನ್ನು ಗುವಾಹಟಿಗೆ ವರ್ಗಾಯಿಸಲಾಯಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ, ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದಾಗ, ನಿಮ್ಮ ಮುಂದಿರುವ ವಾದದ ಪ್ರಕಾರ ಇಲ್ಲ ಎಂಬ ಅರ್ಥದ ಉತ್ತರ ಕೊಟ್ಟರು ಅಟಾರ್ನಿ ಜನರಲ್ ನಿರೇನ್ ಡೇ. ಅಲ್ಲೂ ನಾಲ್ವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಲಾಹೋರಿನ ಲೆಕ್ಕವೇ ದಿಲ್ಲಿಯಲ್ಲೂ. ಖನ್ನಾ ಅವರ ಹಿರಿತನವನ್ನು ಕಡೆಗಣಿಸಿ 1977ರ ಜನವರಿಯಲ್ಲಿ ಬೇರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು, ಅವರು ರಾಜೀನಾಮೆ ಕೊಟ್ಟರು.

ವ್ಯತ್ಯಾಸವಿಲ್ಲವೆಂದಲ್ಲ. ನಮ್ಮಲ್ಲಿ 1977ರಲ್ಲಿ ಮತದಾರ ಸರಕಾರವನ್ನು ಕೆಳಗಿಳಿಸಿದ. 1978ರ 44ನೇ ತಿದ್ದುಪಡಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತುಗೊಳಿಸುವಂತಿಲ್ಲ ಎಂದಿತು. ಇದು ಹೊಲಿಗೆಯಲ್ಲ, ದುರಸ್ತಿ. ಆದರೆ ಆ ತೀರ್ಪು ಮಾತ್ರ ಕಾನೂನು ಪುಸ್ತಕಗಳಲ್ಲಿ 41 ವರ್ಷ ಹಾಗೆಯೇ ಕುಳಿತಿತ್ತು. ಅದನ್ನು ತೊಡೆದುಹಾಕಲು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿಚಾರವಾಗಿ ಹಾಕಿದ ಅರ್ಜಿ ಬೇಕಾಯಿತು. 2017ರಲ್ಲಿ ತೊಡೆಯುವ ಮಾತನ್ನು ಬರೆದವರು ಡಿ.ವೈ. ಚಂದ್ರಚೂಡ್, 1976ರಲ್ಲಿ ನಾಲ್ವರ ಕಡೆ ನಿಂತಿದ್ದ ವೈ.ವಿ. ಚಂದ್ರಚೂಡರ ಮಗ. ಮಗ ಅಪ್ಪನ ವಾಕ್ಯವನ್ನು ಹೊಡೆದುಹಾಕಿದ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಯುಎಪಿಎ ಕಾಯ್ದೆಯಡಿ ವಿಚಾರಣೆಯೇ ಆರಂಭವಾಗದೆ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುವವರ ಮನೆಗಳಲ್ಲಿ ಆ ಸಂಭ್ರಮ ಮುಟ್ಟಿರಲಾರದು. ಅವರಿಗೆ ಅರ್ಜಿ ಹಾಕುವ ಹಕ್ಕಿದೆ. ದಿನಾಂಕಗಳೂ ಸಿಗುತ್ತವೆ.

ಹಾಗಾದರೆ ಈ ತೀರ್ಪುಗಳೆಲ್ಲ ಬರೀ ಸೋಲಿನ ದಾಖಲೆಗಳೇ? ಇಲ್ಲೊಂದು ಸ್ವಾರಸ್ಯವಿದೆ. 1955ರಲ್ಲಿ ಸೋತ ಅದೇ ಕಾರ್ನೀಲಿಯಸ್, ಅಯ್ಯೂಬರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದರು. ಮಂತ್ರಿಗಳು ಶಾಸನಸಭೆಯ ಸದಸ್ಯರಾಗಿಯೂ ಮುಂದುವರಿಯುವಂತೆ ಅಧ್ಯಕ್ಷರು 1962ರ ಸಂವಿಧಾನವನ್ನು ಒಂದು ಆದೇಶದಿಂದ ಬದಲಿಸಿದಾಗ, ಢಾಕಾದಿಂದ ಬಂದ ಮೊಕದ್ದಮೆಯಲ್ಲಿ 1963ರಲ್ಲಿ ಅವರ ಪೀಠ ಒಂದು ಮಾತು ಹೇಳಿತು. ಅಡಚಣೆ ನಿವಾರಿಸುವ ಅಧಿಕಾರವೆಂದರೆ ಸಂವಿಧಾನದ ಮೂಲಭೂತ ಲಕ್ಷಣವನ್ನೇ ಬದಲಿಸುವ ಅಧಿಕಾರವಲ್ಲ. ಈ ಮಾತು ಗಡಿ ದಾಟಿತು. 1964ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮುಧೋಳ್ಕರ್, ಸಜ್ಜನ್ ಸಿಂಗ್ ಪ್ರಕರಣದಲ್ಲಿ ಈ ಪಾಕಿಸ್ತಾನಿ ತೀರ್ಪನ್ನು ಹೆಸರಿಸಿ, ಮೂಲ ಲಕ್ಷಣವನ್ನು ಬದಲಿಸಿದರೆ ಅದು ತಿದ್ದುಪಡಿಯೋ ಹೊಸದಾಗಿ ಬರೆದದ್ದೋ ಎಂದು ಕೇಳಿದರು. ಪ್ರಶ್ನೆ ಕೇಳಿದರಷ್ಟೆ, ಉತ್ತರಿಸಲಿಲ್ಲ. ಜರ್ಮನಿಯ ವಿದ್ವಾಂಸ ಡೀಟ್ರಿಚ್ ಕಾನ್ರಾಡ್‌ರ ಉಪನ್ಯಾಸದಂತಹ ಬೇರೆ ತೊರೆಗಳೂ ಬಂದು ಸೇರಿದವು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ಉತ್ತರಿಸಿತು. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ, ನಮ್ಮ ಗಡಿನಾಡ ಕನ್ನಡಿಗರು. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಉಳಿಸಿಕೊಳ್ಳಲು ಹೊರಟವರ ಹೆಸರು ಸಂವಿಧಾನದ ಮೂಲಸ್ವರೂಪಕ್ಕೆ ಅಂಟಿಕೊಂಡಿತು. ಭೂಮಿ ಉಳುವವನಿಗೆ ಸಿಗಬೇಕೆಂದು ಬಯಸುವ ನಮ್ಮಂಥವರಿಗೆ ಇದು ಸ್ವಲ್ಪ ಇರಿಸುಮುರಿಸಿನ ಸಂಗತಿಯೇ. ಎಡನೀರು ಮಠದ ಹೆಸರನ್ನು ಹೆಮ್ಮೆಯಿಂದ ಹೇಳುವವರಿಗೂ, ಪಾಕಿಸ್ತಾನದಿಂದ ಏನೂ ಬರಬಾರದು ಎನ್ನುವವರಿಗೂ, ಇವೆರಡರ ನಡುವೆ ಕಾರ್ನೀಲಿಯಸ್ ಎಂಬ ಸೇತುವೆ ಇರುವುದು ತಿಳಿದಂತಿಲ್ಲ.

ಮಾತು ಅಲ್ಲಿಗೂ ನಿಲ್ಲಲಿಲ್ಲ. 1989ರಲ್ಲಿ, ಇರ್ಷಾದ್ ಅಧಿಕಾರದಲ್ಲಿರುವಾಗಲೇ, ಢಾಕಾದ ಸುಪ್ರೀಂ ಕೋರ್ಟು ಕೇಶವಾನಂದ ತೀರ್ಪಿನ ತರ್ಕವನ್ನು ಎತ್ತಿಕೊಂಡು 8ನೇ ತಿದ್ದುಪಡಿಯ ಒಂದು ಭಾಗವನ್ನು ರದ್ದುಪಡಿಸಿತು. ಆಳುವವನು ಕುರ್ಚಿಯಲ್ಲಿದ್ದಾಗ ಬಂದ ತೀರ್ಪೆಂಬ ಕಾರಣಕ್ಕೆ ನಮಗೆ ಅದರ ಮೇಲೆ ವಿಶೇಷ ಗೌರವ. ಆಮೇಲೆ ಒಂದು ಸಿನೆಮಾ ಮಂದಿರದ ಕಥೆ. ಹಳೆ ಢಾಕಾದ ಮೂನ್ ಸಿನೆಮಾವನ್ನು ಸರಕಾರ ವಾರಸುದಾರರಿಲ್ಲದ ಆಸ್ತಿಯೆಂದು ವಶಪಡಿಸಿಕೊಂಡಿತ್ತು. ಮಾಲಕರು ಮರಳಿ ಕೇಳಿದಾಗ 1977ರ ಸೇನಾಡಳಿತದ ನಿಯಮವೊಂದು ಅಡ್ಡ ಬಂತು. ಆ ನಿಯಮಕ್ಕೆ ಸಂವಿಧಾನದ 5ನೇ ತಿದ್ದುಪಡಿಯ ರಕ್ಷಣೆಯಿತ್ತು, ಅದೂ ಅದೇ ‘ಸಿಂಧುಗೊಳಿಸಲಾಗಿದೆ’ ಹೊಲಿಗೆ. 2005ರಲ್ಲಿ ಹೈಕೋರ್ಟಿನ ಖೈರುಲ್ ಹಕ್ ಆ ಹೊಲಿಗೆಯನ್ನೇ ಬಿಚ್ಚಿಬಿಟ್ಟರು. 2010ರಲ್ಲಿ ಮೇಲಿನ ಪೀಠವೂ ಒಪ್ಪಿತು. ಪಾಕಿಸ್ತಾನದಲ್ಲಿ ಆಗದ್ದು ಆಯಿತಲ್ಲ ಎಂದು ನೆಮ್ಮದಿಪಟ್ಟುಕೊಳ್ಳುವಷ್ಟರಲ್ಲಿ, 2011ರಲ್ಲಿ ಅದೇ ಖೈರುಲ್ ಹಕ್ ಮುಖ್ಯ ನ್ಯಾಯಾಧೀಶರಾಗಿ, ಚುನಾವಣೆ ನಡೆಸುವ ಉಸ್ತುವಾರಿ ಸರಕಾರದ ಪದ್ಧತಿಯನ್ನು ಸಂವಿಧಾನಬಾಹಿರವೆಂದರು. ಇನ್ನೆರಡು ಚುನಾವಣೆಗಳನ್ನು ಆ ಪದ್ಧತಿಯಲ್ಲೇ ನಡೆಸಬಹುದೆಂದೂ ಆ ಕಿರು ಆದೇಶದಲ್ಲಿತ್ತು. ಪೂರ್ಣ ತೀರ್ಪು ಬರುವ ಮೊದಲೇ ಶೇಖ್ ಹಸೀನಾ ಸರಕಾರ 15ನೇ ತಿದ್ದುಪಡಿ ತಂದು ಪದ್ಧತಿಯನ್ನು ಪೂರ್ತಿ ಅಳಿಸಿತು. ಸಂವಿಧಾನವನ್ನು ಕಿತ್ತುಹಾಕಿದರೆ ದೇಶದ್ರೋಹ, ಮೂಲ ಭಾಗಗಳನ್ನು ಯಾರೂ ತಿದ್ದುವಂತಿಲ್ಲ ಎಂದೂ ಬರೆಯಿತು. ಕಾಗದದ ಮೇಲೆ ಅದಕ್ಕಿಂತ ಭದ್ರವಾದ ಸಂವಿಧಾನ ಉಪಖಂಡದಲ್ಲಿ ಇರಲಿಲ್ಲ. ಅದರ ನೆರಳಿನಲ್ಲೇ 2014, 2018 ಮತ್ತು 2024ರ ಚುನಾವಣೆಗಳು ನಡೆದವು. ಅವು ಎಂತಹ ಚುನಾವಣೆಗಳೆಂದು 2024ರ ಆಗಸ್ಟ್ 5ರಂದು ಢಾಕಾದ ವಿದ್ಯಾರ್ಥಿಗಳು ಹೇಳಿದರು.

ಮೂರು ದಿನಗಳ ಬಳಿಕ ಮುಹಮ್ಮದ್ ಯೂನುಸ್‌ರ ಮಧ್ಯಂತರ ಸರಕಾರ ಬಂತು. ಅಂತಹ ಸರಕಾರಕ್ಕೆ ಸಂವಿಧಾನದಲ್ಲಿ ಜಾಗವಿರಲಿಲ್ಲ. ರಾಷ್ಟ್ರಪತಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು, ನಿರ್ವಾತ ಉಂಟಾಗಿರುವುದರಿಂದ ರಚಿಸಬಹುದು ಎಂಬ ಉತ್ತರ ಬಂತು. 1955ರ ಮೇ ತಿಂಗಳ ಕರಾಚಿಯೇ ಮತ್ತೆ ಎದುರು ನಿಂತಂತೆ! ಈ ಸಲ ನಮ್ಮ ಸಹಾನುಭೂತಿ ಅನಿವಾರ್ಯತೆಯ ಕಡೆಗಿತ್ತು, ಅಷ್ಟೇ ಬದಲಾವಣೆ. ಗುಲಾಮ್ ಮುಹಮ್ಮದ್‌ರಿಗೆ ಕೊಟ್ಟದ್ದು ತಪ್ಪು, ಯೂನುಸ್‌ರಿಗೆ ಕೊಟ್ಟದ್ದು ಸರಿ ಎನ್ನುವುದಾದರೆ ಅಳತೆಗೋಲು ಯಾವುದು? ವ್ಯಕ್ತಿಯ ಒಳ್ಳೆಯತನ ಅಳತೆಗೋಲಾಗಲಾರದು. ಝಿಯಾ ಕೂಡ ಐದು ಹೊತ್ತು ನಮಾಝ್ ಮಾಡುವವರೆಂದು ಆಗ ಹೊಗಳಿದವರಿದ್ದರು. ಹಸಿದವನು ಎಷ್ಟು ತಿಂದ, ಎಷ್ಟು ಬೇಗ ಎದ್ದ ಎಂಬ ಹಳೆಯ ಅಳತೆಯೇ ಗತಿ. ಅದನ್ನು ಅಳೆಯುವುದು ಮಾತ್ರ ಊಟ ಮುಗಿದ ಮೇಲೆ.

ಪಾಕಿಸ್ತಾನಕ್ಕೆ ಮರಳೋಣ. ಕಾರ್ನೀಲಿಯಸ್‌ರ ಮಾತು 2015ರಲ್ಲಿ ತವರಿಗೂ ಬಂತು. ಸಂವಿಧಾನಕ್ಕೆ ಪ್ರಧಾನ ಲಕ್ಷಣಗಳಿವೆ, ತಿದ್ದುಪಡಿಯನ್ನೂ ನ್ಯಾಯಾಲಯ ಪರಿಶೀಲಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಹೇಳಿ, ನಾಗರಿಕರನ್ನು ಸೇನಾ ನ್ಯಾಯಾಲಯಗಳಲ್ಲಿ ವಿಚಾರಿಸುವ 21ನೇ ತಿದ್ದುಪಡಿಯನ್ನು 11-6ರಿಂದ ಎತ್ತಿಹಿಡಿಯಿತು. ಪೇಶಾವರದ ಶಾಲೆಯಲ್ಲಿ ಮಕ್ಕಳ ಹತ್ಯೆಯಾಗಿ ಎಂಟು ತಿಂಗಳಾಗಿತ್ತಷ್ಟೆ. 2024ರ 26ನೇ ತಿದ್ದುಪಡಿ ಮುಖ್ಯ ನ್ಯಾಯಾಧೀಶರ ಆಯ್ಕೆಯನ್ನು ಸಂಸದೀಯ ಸಮಿತಿಗೆ ಕೊಟ್ಟಿತು. ಮರುವರ್ಷ 27ನೆಯದು.

ನಮ್ಮ ಸಂದೇಹ ಗಟ್ಟಿಯಾಗುವುದು ಇಲ್ಲಿ. ಮುನೀರರಿಂದ ಮುಶರ್ರಫ್‌ರ ಕಾಲದವರೆಗೆ ಮುರಿದದ್ದು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಮರಳಿಸಿ ಎಂದು ಕೂಗಲು ಏನೋ ಒಂದು ಇತ್ತು. ಈಗ ಮುರಿದದ್ದೇನು? 1973ರ ಸಂವಿಧಾನ ಜಾರಿಯಲ್ಲಿದೆ. 6ನೇ ವಿಧಿ ಜಾರಿಯಲ್ಲಿದೆ. ಯಾರೂ ಅದನ್ನು ಅಮಾನತಿನಲ್ಲಿಟ್ಟಿಲ್ಲ. ಹಿಂದೆ ಸೇನಾಧಿಪತಿಗಳು ಆಳಿ ಮುಗಿಸಿದ ಮೇಲೆ ಸಿಂಧುಗೊಳಿಸುವ ವಿಧಿ ಸೇರುತ್ತಿತ್ತು, ಈಗ ಮೊದಲೇ ಸೇರಿದೆ. ವಕೀಲರು ಬೀದಿಗಿಳಿದು ಯಾವ ದಿನಾಂಕಕ್ಕೆ ಹಿಂದಿರುಗಬೇಕೆಂದು ಕೇಳುವುದು?

2025ರ ನವೆಂಬರ್ 13ರಂದು, ತಿದ್ದುಪಡಿ ಜಾರಿಗೆ ಬಂದ ದಿನವೇ, ಸುಪ್ರೀಂ ಕೋರ್ಟಿನ ಮನ್ಸೂರ್ ಅಲಿ ಶಾ ಮತ್ತು ಅತರ್ ಮಿನಲ್ಲಾ ರಾಜೀನಾಮೆ ಕೊಟ್ಟರು. ತಾನು ಯಾವುದರ ಹೆಸರಿನಲ್ಲಿ ಪ್ರಮಾಣ ಮಾಡಿದ್ದೆನೋ ಆ ಸಂವಿಧಾನ ಈಗ ಇಲ್ಲ ಎಂಬ ಅರ್ಥದಲ್ಲಿ ಮಿನಲ್ಲಾ ಬರೆದರು. ಮರುದಿನ ಹೊಸ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು ಪ್ರಮಾಣವಚನ ಸ್ವೀಕರಿಸಿದರು. ಆ ಎರಡು ಪತ್ರಗಳನ್ನು ನಾವು ಕಾರ್ನೀಲಿಯಸ್‌ರ ಭಿನ್ನಮತದ ಪಕ್ಕದಲ್ಲಿಟ್ಟು ಓದಿದೆವು. ಬರವಣಿಗೆಯಲ್ಲಿ, ಧೈರ್ಯದಲ್ಲಿ ಅವು ಕಡಿಮೆಯವಲ್ಲ. ಆದರೆ ಕಾರ್ನೀಲಿಯಸ್ ಪೀಠದಲ್ಲಿ ಕುಳಿತು ಬರೆದದ್ದು ವರದಿ ಸಂಪುಟಗಳಲ್ಲಿ ಅಚ್ಚಾಯಿತು. ಅಲ್ಲಿಂದಲೇ ಮುಧೋಳ್ಕರ್ ಅವರಿಗೆ ಸಿಕ್ಕಿದ್ದು. ರಾಜೀನಾಮೆ ಪತ್ರಗಳು ಆ ಸಂಪುಟಗಳಲ್ಲಿ ಅಚ್ಚಾಗುವುದಿಲ್ಲ.